ಹಲ್ಲಿ ನುಡಿದಿರಲಿಲ್ಲ

ಶಾಂತರಾಜುವಿಗೆ ನಾಲ್ಕನೇ ವಯಸ್ಸಿನಿಂದ ಎರಡೂ ಕಣ್ಣು ಇರಲಿಲ್ಲ. ಇಲ್ಲದ್ದಕ್ಕೆ ಅವನು ಎಂದೋ ಒಗ್ಗಿಹೋಗಿದ್ದ. ಒಗ್ಗದೆ ಉಳಿದದ್ದು ಒಂದೇ: ತನ್ನ ಹತ್ತಿರ ಬಂದ ಕೂಡಲೇ ಜನರ ದನಿ ರೋಗಿಯ ಮಂಚದ ಪಕ್ಕ ನಿಂತವರ ದನಿಯಾಗಿಬಿಡುವುದು. ಆ ಭಾನುವಾರ ಬೆಳಿಗ್ಗೆ ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಅವನು ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಯಾರೋ ಒಬ್ಬ ಕೇಳದೆಯೇ ರಟ್ಟೆ ಹಿಡಿದು, ನಿಂತಿದ್ದ ಸರಿಯಾದ ಜಾಗದಿಂದ ಎಳೆದುಕೊಂಡು ಹೋಗಿ, ಮೈಸೂರು ಬಸ್ಸು ನಿಲ್ಲುವ ಕಡೆ ನಿಲ್ಲಿಸಿ, ‘ಇಲ್ಲೇ ಇರಿ ಸಾರ್, ಅಲ್ಲಾಡ್ಬೇಡಿ’ ಎಂದು ಪುಣ್ಯ ಕಟ್ಟಿಕೊಂಡು ಹೋದ. ಅವನ ಹೆಜ್ಜೆ ದೂರವಾಗುವ ತನಕ ಶಾಂತರಾಜು ಅಲ್ಲಾಡದೆ ನಿಂತ. ಆಮೇಲೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಕಿತ್ತು, ಒಂದು ಸಲ ಲೊಚ್ಚೆಂದ. ಸದ್ದು ಹೋಗಿ ತಿರುಗಿ ಬಂತು. ಎಡಗಡೆ ಸಿಮೆಂಟಿನ ಕಂಬ, ಗಟ್ಟಿಯಾಗಿ, ಒಂದೇ ತುಂಡಾಗಿ. ಎದುರಿಗೆ ತಗಡಿನ ಅಂಗಡಿ, ಸ್ವಲ್ಪ ನಡುಗುತ್ತ. ಬಲಕ್ಕೆ ಏನೂ ಬರಲಿಲ್ಲ; ಏನೂ ಬಾರದ ಕಡೆಯೇ ದಾರಿ. ಸುಮಾರು ನಲವತ್ತು ವರ್ಷದಿಂದ ಅವನು ಲೋಕವನ್ನು ಹೀಗೆಯೇ ಬಾಯಿಂದ ತಡವಿಕೊಂಡು ಬಂದಿದ್ದ. ಕೈಯಲ್ಲಿ ಬಿಳಿ ಕೋಲಿತ್ತು. ಆದರೆ ಕೋಲು ಹೇಳುವುದು ಕಾಲಿನ ಮಟ್ಟದ ಮಾತು. ಎದೆಗೆ, ಹಣೆಗೆ ತಾಗುವುದನ್ನೆಲ್ಲ ನಾಲಿಗೆಯೇ ವಿಚಾರಿಸಬೇಕು.

ಇವತ್ತು ಅವನು ಹೊರಟಿದ್ದು ಆ ನಾಲಿಗೆ ಮಾಡಿದ ತಪ್ಪನ್ನು ಒಪ್ಪಿಕೊಂಡು ಬರಲು. ಮೂರು ವಾರದ ಹಿಂದೆ, ಇಂಥದೇ ಒಂದು ಭಾನುವಾರ, ಕುದೇರಿನಿಂದ ಅಕ್ಕ ಮೂಗಮ್ಮ, ನಾಲ್ಕು ಜನ ನೆಂಟರು, ಚಾಮರಾಜನಗರದಿಂದ ಅವನು ಸೇರಿ ಗುಂಡ್ಲುಪೇಟೆಗೆ ಗಂಡಿನ ಮನೆ ನೋಡಲು ಹೋಗಿದ್ದರು. ಮೂಗಮ್ಮನ ಮಗಳು ಭವ್ಯ ಬದನಗುಪ್ಪೆಯ ಗಾರ್ಮೆಂಟ್ಸಿನಲ್ಲಿ ಅಂಗಿಗೆ ಕಾಲರ್ ಹೊಲಿಯುತ್ತಾಳೆ. ಗಂಡು ನಿಂಗರಾಜು, ಕೇರಳಕ್ಕೆ ತರಕಾರಿ ಸಾಗಿಸುವ ಟೆಂಪೊ ಓಡಿಸುವವನು. ಹುಡುಗ ಹುಡುಗಿ ಒಪ್ಪಿ ಎರಡು ತಿಂಗಳಾಗಿತ್ತು. ಫೋನಿನಲ್ಲಿ ಮಾತಾಡಿಕೊಂಡು, ಜಗಳವಾಡಿಕೊಂಡು, ರಾಜಿಯೂ ಆಗಿದ್ದರು. ಬಾಕಿ ಇದ್ದದ್ದು ನಿಂಗರಾಜುವಿನ ಅಜ್ಜಿ ಪುಟ್ಟಬಸಮ್ಮನ ಒಂದು ಹೂಂ. ಆ ಹೂಂ ಬರಲಿಲ್ಲ. ಬಂದದ್ದು ಹಲ್ಲಿಯ ನುಡಿ. ಹಲ್ಲಿ ನುಡಿದ ಮೇಲೆ ಆ ಮನೆಯಲ್ಲಿ ಯಾರೂ ಮಾತು ಮುಂದುವರಿಸಲಿಲ್ಲ. ನುಡಿದದ್ದು ಹಲ್ಲಿಯಲ್ಲ, ತಾನು ಎಂದು ಶಾಂತರಾಜು ಮೂರು ವಾರದಿಂದ ಯಾರಿಗೂ ಹೇಳಿರಲಿಲ್ಲ.

ಬಸ್ಸಿನ ತುಂಬ ಹೆಂಗಸರು. ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ ಎಂದ ಮೇಲೆ ಭಾನುವಾರ ಯಾರು ಮನೆಯಲ್ಲಿ ಕೂರುತ್ತಾರೆ. ಬೇಯಿಸಿದ ಅರಿಶಿನದ ವಾಸನೆ ಯಾರದೋ ಸೀರೆಯಲ್ಲಿ ಒಣಗಿ ಕೂತಿತ್ತು. ಹಿಡಿದುಕೊಳ್ಳಲು ಕಂಬಿ ಎಲ್ಲಿದೆ ಎಂದು ಅವನು ಮೆತ್ತಗೆ ಲೊಚ್ಚೆಂದದ್ದೇ ತಡ, ಮುಖದ ಎದುರಿನಿಂದಲೇ ಒಂದು ದನಿ ಎದ್ದಿತು. ‘ಯಾರ್ನ ನೋಡಿ ಲೊಚಗುಡ್ತಾ ಇದ್ದೀಯ?’

‘ಅವ್ರ್ಗೆ ಕಣ್ಣು ಕಾಣಲ್ಲ ಕಣಮ್ಮ’ ಎಂದ ಕಂಡಕ್ಟರ್.

‘ಕಣ್ಣು ಕಾಣ್ದಿದ್ರೆ ಬಾಯ್ಗೇನ್ ಬಂದದೆ ದೊಡ್ರೋಗ?’

ಹಿಂದಿನ ಸೀಟುಗಳು ನಕ್ಕವು. ನಕ್ಕದ್ದಕ್ಕೆ ನಾಚಿಕೊಂಡ ಯಾರೋ ಎದ್ದು ಅವನನ್ನು ತೋಳು ಹಿಡಿದು ಕೂರಿಸಿದರು. ಸೀಟು ಇನ್ನೂ ಬೆಚ್ಚಗಿತ್ತು. ಎದ್ದವರು ಯಾರೆಂದು ತಿಳಿಯಲಿಲ್ಲ. ಯಾಕೆ ಲೊಚ್ಚೆನ್ನುತ್ತೇನೆಂದು ಹೇಳಿಕೊಳ್ಳಲು ಹೋದರೆ ಹತ್ತು ನಿಮಿಷದ ಭಾಷಣವಾಗುತ್ತದೆ, ಮುಗಿಯುವ ಹೊತ್ತಿಗೆ ಕೇಳುವವರು ಇಳಿದು ಹೋಗಿರುತ್ತಾರೆ. ಮೊದಮೊದಲು ಅವನು ಹೇಳಿ ನೋಡಿದ್ದ. ಈಗ ಆಯಾಸ. ಆಯಾಸವೆಂದರೆ ಮೈಯದಲ್ಲ, ಕಚೇರಿಯಲ್ಲಿ ದಿನಕ್ಕೆ ಮುನ್ನೂರು ಟಪಾಲಿಗೆ ತಾರೀಕಿನ ಮುದ್ರೆ ಒತ್ತುವುದರಿಂದ ಮೈ ದಣಿಯುವುದಿಲ್ಲ. ಅವನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಕುರ್ಚಿಗೆ ಬೆತ್ತ ಹೆಣೆಯಲು. ಬೆತ್ತದ ಕುರ್ಚಿಗಳೆಲ್ಲ ಹೋಗಿ ಗಿರಗಿರ ತಿರುಗುವ ಕುರ್ಚಿಗಳು ಬಂದ ಮೇಲೆ ಅವನ ಕೈಗೆ ಒಂದು ಮುದ್ರೆ ಕೊಟ್ಟರು. ಹೊಸ ಸಾಹೇಬರು ಬಂದಾಗಲೆಲ್ಲ ಯಾರಾದರೂ ಅವನನ್ನು ತೋರಿಸಿ, ಇವರು ಬಾಯಲ್ಲೇ ಗೋಡೆ ನೋಡುತ್ತಾರೆ ಸಾರ್ ಎನ್ನುತ್ತಾರೆ. ಸಾಹೇಬರು ಹೌದಾ ಎನ್ನುತ್ತಾರೆ. ಅವನು ಒಂದು ಸಲ ಲೊಚ್ಚೆಂದು, ಎದುರಿಗೆ ಬೀರು ಇದೆ ಎಂದು ಹೇಳಿ, ಮತ್ತೆ ಮುದ್ರೆ ಒತ್ತುತ್ತಾನೆ.

‘ಅಲ್ಲಿ ಮಾತ್ರ ನಾಲ್ಗೆ ಹೊಡೀಬ್ಯಾಡ ಕಣ್ಲಾ ಶಾಂತ, ಎತ್ತು ಹೊಡ್ಯೋರ ಥರ ಇರ್ತದೆ, ಬೀಗ್ರ ಮನೆ’ ಎಂದು ಅವತ್ತು ಇದೇ ಬಸ್ಸಿನಲ್ಲಿ ಮೂಗಮ್ಮ ಅವನ ಕಿವಿಯಲ್ಲಿ ಹೇಳಿದ್ದಳು. ಹೇಳಿದವಳು ಅವಳು ಎಂಬುದೇ ಅವನಿಗೆ ಚುಚ್ಚಿದ್ದು. ಕುದೇರಿನ ಕೆರೆ ಏರಿಯ ಮೇಲಿನ ಹಾಳು ಮಂಟಪದಲ್ಲಿ ಅವನಿಗೆ ಈ ಆಟ ಹಚ್ಚಿದವಳೇ ಅವಳು. ಇಬ್ಬರೂ ಕೂಲಿಗೆ ಹೋದ ಅವ್ವ ಅಪ್ಪನಿಗೆ ಕಾಯುತ್ತ ಅಲ್ಲಿ ಮಧ್ಯಾಹ್ನ ಕಳೆಯುತ್ತಿದ್ದರು. ಅವಳು ಕಂಬದಿಂದ ಕಂಬಕ್ಕೆ ಸದ್ದಿಲ್ಲದೆ ಸರಿದು, ಈಗ ಎಲ್ಲಿವ್ನಿ ಹೇಳ್ಲಾ ಎನ್ನುವಳು. ಅವನು ಬಾಯಲ್ಲಿ ಸದ್ದು ಮಾಡಿ ಮಾಡಿ, ಬರಿ ಕಂಬಕ್ಕೂ ಲಂಗ ಉಟ್ಟವಳು ಅವುಚಿಕೊಂಡ ಕಂಬಕ್ಕೂ ಇರುವ ವ್ಯತ್ಯಾಸವನ್ನು ಕಂಡುಕೊಂಡ. ಬಟ್ಟೆ ಸದ್ದನ್ನು ನುಂಗುತ್ತದೆ, ಕಲ್ಲು ಹಿಂದಕ್ಕೆ ಎಸೆಯುತ್ತದೆ. ಮೇಲೆ ಸಂದುಗಳಲ್ಲಿ ಸಣ್ಣ ಬಾವಲಿಗಳು ತುಂಬಿಕೊಂಡಿದ್ದವು. ಅವುಗಳ ಹಿಕ್ಕೆಯ ಖಾರವಾದ ವಾಸನೆ ಮೂಗಿಗೆ ಏರುತ್ತಿತ್ತು. ಬೆದರಿ ಹಾರಿದರೆ ಕಿವಿಯ ಪಕ್ಕದಲ್ಲೇ ಗಾಳಿ ಬೀಸಿ ಹೋಗುವವು, ಒಂದೂ ಅವನನ್ನು ತಾಗುತ್ತಿರಲಿಲ್ಲ. ಹಾಸ್ಟೆಲಿಗೆ ಸೇರಿದ ಮೇಲೆ ಹುಡುಗರು ಅವನಿಗೆ ಇಟ್ಟ ಹೆಸರು ಬಾವಲಿ. ಆ ಹೆಸರಿನ ಉರಿಯಲ್ಲಿ ಅವನಿದ್ದಾಗಲೇ ಪಕ್ಕದ ಮಂಚದ ಮಂಟೇಸ್ವಾಮಿ ಲೈಬ್ರರಿಯಿಂದ ಒಂದು ಪುಸ್ತಕ ತಂದು, ‘ಕೇಳ್ಲಾ, ನಿನ್ ಕುಲದೋರ ಪುರಾಣ’ ಎಂದು ಗಟ್ಟಿಯಾಗಿ ಓದಿದ್ದು.

ಬಾವಲಿಗೆ ಕಣ್ಣು ಕಾಣುವುದಿಲ್ಲ ಎಂಬುದೇ ಸುಳ್ಳು ಎಂದು ಆ ಪುಸ್ತಕ ಮೊದಲ ಪುಟದಲ್ಲೇ ಹೇಳಿತು. ಎಲ್ಲ ಬಾವಲಿಗೂ ಕಣ್ಣಿದೆ. ಹಣ್ಣು ತಿನ್ನುವ ದೊಡ್ಡವು ಹೆಚ್ಚಾಗಿ ಕಣ್ಣು, ಮೂಗನ್ನೇ ನಂಬಿ ಹಾರುತ್ತವೆ. ಹುಳ ಹಿಡಿಯುವ ಸಣ್ಣವು ಮಾತ್ರ ಮನುಷ್ಯರ ಕಿವಿಗೆ ನಿಲುಕದಷ್ಟು ಕೀರಲಾಗಿ ಕೂಗಿ, ಆ ಕೂಗು ತಿರುಗಿ ಬರಲು ಹಿಡಿದ ಹೊತ್ತಿನಿಂದ ದೂರವನ್ನು ಅಳೆಯುತ್ತವೆ. ಹುಳ ಹತ್ತಿರವಾದಂತೆ ಕೂಗು ಒತ್ತೊತ್ತಾಗಿ, ಕೊನೆಗೆ ಸೆಕೆಂಡಿಗೆ ನೂರಕ್ಕೂ ಮೇಲೇರುತ್ತದೆ. ಅಂದರೆ ಕಣ್ಣಿಲ್ಲದವನು ಅವುಗಳ ಕುಲದವನೂ ಅಲ್ಲ ಎಂದು ಶಾಂತರಾಜುವಿಗೆ ಆ ರಾತ್ರಿ ಅನ್ನಿಸಿ, ಬೈಗುಳವೂ ತನ್ನದಲ್ಲದೆ ಹೋಯಿತಲ್ಲ ಎಂದು ವಿಚಿತ್ರವಾಗಿ ನೋವಾಗಿತ್ತು. ಆದರೆ ಇಷ್ಟು ವರ್ಷದ ಮೇಲೆ, ಈ ಮೂರು ವಾರದಿಂದ, ಅವನಿಗೆ ಮತ್ತೆ ಮತ್ತೆ ನೆನಪಾಗುತ್ತಿದ್ದದ್ದು ಬೇರೆ ಒಂದು ಸಾಲು. ಬಾವಲಿಯ ಕೂಗು ಎಷ್ಟು ಜೋರೆಂದರೆ ಅದರಿಂದ ಅದರ ಕಿವಿಯೇ ಕೆಡಬಹುದು. ಅದಕ್ಕೇ ಕೂಗುವ ಆ ಒಂದು ಗಳಿಗೆ ಕಿವಿಯೊಳಗಿನ ಸಣ್ಣ ಸ್ನಾಯುವನ್ನು ಬಿಗಿಹಿಡಿದು, ಕೂಗಾದ ಕೂಡಲೇ ಸಡಿಲ ಬಿಡುತ್ತದೆ. ತಾನು ಮಾಡಿದ ಸದ್ದು ಅದಕ್ಕೆ ಕೇಳಿಸುವುದಿಲ್ಲ, ಗೋಡೆ ಹಿಂದಿರುಗಿಸಿದ್ದು ಮಾತ್ರ ಕೇಳಿಸುತ್ತದೆ. ತೆರಕಣಾಂಬಿಯಲ್ಲಿ ಬಸ್ಸು ನಿಂತು ಅರ್ಧ ಖಾಲಿಯಾಗಿ ಮತ್ತೆ ತುಂಬಿತು. ಅವನ ಕಿವಿಗೆ ಹಾಗೆ ಬಿಗಿಹಿಡಿಯಲು ಬರುತ್ತಿರಲಿಲ್ಲ.

ಅವತ್ತು ಆ ಮನೆಯ ನಡುಮನೆಯಲ್ಲಿ ಅವನನ್ನು ಎರಡು ಸಲ ಎತ್ತಿ ಕೂರಿಸಿದ್ದರು. ಮೊದಲು ಬಾಗಿಲ ಹತ್ತಿರ, ಆಮೇಲೆ ಯಾರೋ ದೊಡ್ಡವರು ಬಂದರೆಂದು ಎಲ್ಲೋ ಮೂಲೆಗೆ. ದಿಕ್ಕು ತಪ್ಪಿತ್ತು. ಎರಡು ಲೋಟ ಕಾಫಿ ಕುಡಿದಾಗಿತ್ತು, ಹೊರಗೆ ಹೋಗಬೇಕಾಗಿತ್ತು, ಬೀಗರಾಗುವವರ ಮುಂದೆ ನನ್ನನ್ನು ಒಂದಕ್ಕೆ ಕರೆದುಕೊಂಡು ಹೋಗಿ ಎಂದು ಕೇಳಲು ನಾಲಿಗೆ ಬರಲಿಲ್ಲ. ಮೂಗಮ್ಮನ ದನಿ ಕೋಣೆಯ ಆ ತುದಿಯಲ್ಲಿತ್ತು. ತಲೆಯ ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ಆ ಗದ್ದಲದಲ್ಲಿ ಒಂದೇ ಒಂದು ಸಲ, ಮೆತ್ತಗೆ, ಬಾಗಿಲು ಯಾವ ಕಡೆ ಎಂದು ತಿಳಿಯುವಷ್ಟು ಎಂದುಕೊಂಡು ನಾಲಿಗೆ ಮೇಲೆತ್ತಿ ಕಾಯುತ್ತಿದ್ದ. ಪುಟ್ಟಬಸಮ್ಮ ಆಗ ಹೇಳಿದಳು: ‘ಹೆಣ್ಣು ಒಳ್ಳೇದೇ ಇರ್ಬೋದು. ಆದ್ರೆ ಈ ಮನೆಗೆ ಹೊಂದಲ್ಲ ಅಂತ ನನ್ ಮನ್ಸು ಹೇಳ್ತಾ ಅದೆ.’ ಸರಿಯಾಗಿ ಆ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ನಿಂತಿತು. ನಿಂತ ಆ ನಿಶ್ಶಬ್ದದೊಳಕ್ಕೆ ಲೊಚ್ ಎಂದು ಅವನ ಸದ್ದು ಬಿತ್ತು. ಆಮೇಲೆ ನೆಲದ ಮೇಲೆ, ಕುರ್ಚಿಯ ಕೈಯ ಮೇಲೆ, ಬೆರಳ ಗೆಣ್ಣುಗಳು ಟಕಟಕ ಬಡಿದವು. ‘ಸತ್ಯ, ಸತ್ಯ’ ಎಂದರು ಯಾರೋ. ‘ಕೇಳುದ್ರಾ, ನುಡೀತು’ ಎಂದಳು ಪುಟ್ಟಬಸಮ್ಮ, ಗೆದ್ದವಳ ದನಿಯಲ್ಲೂ ಅಲ್ಲ, ಸ್ವಲ್ಪ ಹೆದರಿದ ದನಿಯಲ್ಲಿ. ಅವನ ಪಕ್ಕದಲ್ಲಿ ಕೂತಿದ್ದ ಕುದೇರಿನ ನೆಂಟನೂ ತನ್ನ ಕುರ್ಚಿ ಬಡಿದ. ಶಾಂತರಾಜುವಿನ ಕೈಯೂ ಮುಂದೆ ಹೋಗಿ ಬಡಿದಿತ್ತು. ಅದೇ ಅವನಿಗೆ ಮರೆಯಲಾಗದ್ದು.

ಗುಂಡ್ಲುಪೇಟೆ ನಿಲ್ದಾಣದಲ್ಲಿ ಇಳಿದು ಅವನು ಯಾರ ಕೈಗೂ ಸಿಗದೆ ಹೊರಬಂದ. ದಾರಿ ಅವತ್ತಿನದೇ, ಬಾಯಲ್ಲಿ ಇನ್ನೂ ಇತ್ತು. ನಿಲ್ದಾಣದ ಚಾವಣಿ ಮುಗಿದದ್ದು ನೆತ್ತಿಗೆ ತಿಳಿಯಿತು. ಭಾನುವಾರವಾದ್ದರಿಂದ ಶಟರ್ ಎಳೆದ ಎರಡು ಅಂಗಡಿ, ಸಣ್ಣಗೆ ಗೀರಿದಂಥ ಸದ್ದು ಕೊಟ್ಟವು. ಎರಡು ಲೈಟು ಕಂಬ, ಸೂಜಿ ಮೊನೆಯಷ್ಟು. ಒಂದು ಹುಣಸೆ ಮರ. ಮರ ಸದ್ದನ್ನು ಒಟ್ಟಾಗಿ ಕೊಡುವುದಿಲ್ಲ, ಚೂರುಚೂರು ಮಾಡಿ ಉದುರಿಸುತ್ತದೆ. ಆಮೇಲೆ ಉದ್ದನೆಯ ಕಾಂಪೌಂಡು ಗೋಡೆ, ಅದು ಮುಗಿದಲ್ಲಿ ಎಡಕ್ಕೆ ತಿರುಗಿದರೆ ನಿಂಗರಾಜುವಿನ ಮನೆ. ಇಷ್ಟನ್ನೂ ಅವನು ಒಂದು ಕಡೆಯೂ ತಪ್ಪದೆ ದಾಟಿದ. ಚೆನ್ನಾಗಿ ನಡೆದೆ ಎಂದು ಒಳಗೆ ಸಣ್ಣ ಸಂತೋಷವೂ ಆಯಿತು. ಆ ಸಂತೋಷಕ್ಕೆ ಅವನೇ ನಾಚಿಕೊಂಡ.

ಮನೆ ಮುಂದೆ ಪೈಪಿನ ನೀರು ತಗಡಿಗೆ ಬಡಿಯುತ್ತಿತ್ತು. ನಿಂಗರಾಜು ಟೆಂಪೊ ತೊಳೆಯುತ್ತಿದ್ದ. ನೀರು ನಿಂತಿತು. ‘ಬನ್ನಿ ಸಾರ್’ ಎಂದ. ಮೂರು ವಾರದ ಹಿಂದೆ ಮಾವ ಎಂದಿದ್ದ.

ಒಳಗೆ ಪುಟ್ಟಬಸಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಸಿಪ್ಪೆ ಬಿಚ್ಚುವ ಸದ್ದು, ಕಾಳು ತಟ್ಟೆಗೆ ಬೀಳುವ ಸದ್ದು. ‘ಯಾರು, ಕುದೇರ್ ಮೂಗಮ್ಮನ ತಮ್ಮ ಅಲ್ವಾ? ಒಬ್ನೇ ಬಂದ್ಯಾ? ಕುಂತ್ಕಪ್ಪ, ಎಡಕ್ಕೆ ಕುರ್ಚಿ ಅದೆ. ಕುಮಾರಿ, ಕಾಪಿ ಇಡು’ ಎಂದು ಸೊಸೆಗೆ ಹೇಳಿದಳು.

‘ಕಾಪಿ ಬ್ಯಾಡ ಕಣವ್ವ’ ಎಂದ. ಕುಳಿತುಕೊಳ್ಳಲಿಲ್ಲ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಉದುರಿಹೋಗಿದ್ದವು. ‘ಅವತ್ತು ನುಡುದ್ದು ಹಲ್ಲಿ ಅಲ್ಲ. ನಾನು.’

ಸಿಪ್ಪೆಯ ಸದ್ದು ನಿಂತಿತು. ‘ಏನಂದೆ?’

‘ಗೋಡೆ ಎಲ್ಲದೆ, ಬಾಗ್ಲು ಎಲ್ಲದೆ ಅಂತ ತಿಳ್ಕಳಕೆ ಬಾಯಲ್ಲಿ ಹಿಂಗ್ ಸದ್ದು ಮಾಡ್ತೀನಿ. ಚಿಕ್ಕುಡ್ಗ ಆಗಿದ್ದಾಗ್ಲಿಂದ್ಲೂ. ಅವತ್ತು ಒಂದಕ್ಕೆ ಹೋಗ್ಬೇಕಾಗಿತ್ತು, ಕೇಳಕೆ ನಾಚ್ಕೆ ಆಯ್ತು. ಅಷ್ಟ್ರಲ್ಲಿ ಕರೆಂಟು ಹೋಯ್ತು.’

‘ಅಜ್ಜೀ! ಕೇಳುಸ್ಕಂಡ್ಯಾ?’ ನಿಂಗರಾಜು ಒದ್ದೆ ಕಾಲಲ್ಲೇ ಒಳಗೆ ಬಂದಿದ್ದ. ‘ನಾ ಬಡ್ಕಂಡೆ, ಹಲ್ಲಿಗಿಲ್ಲಿ ನಂಬ್ಕಂಡು ಕುಂತ್ಕಬ್ಯಾಡ ಅಂತ.’

‘ನೀ ಸುಮ್ಕಿರ್ಲಾ. ಕ್ಯಾಲೆಂಡ್ರು ಹಿಂದ್ಲಿಂದ ಅದ್ರು ಬಾಲ ಅಲ್ಲಾಡುದ್ದ ನಾ ಕಣ್ಣಾರ ಕಂಡಿವ್ನಿ. ಅಕ್ಕನ್ ಮಗ್ಳ್ ಮದ್ವೆ ಆಗ್ಲಿ ಅಂತ ಈವಪ್ಪ ಬಂದು ಸುಳ್ಳೇಳ್ತಾ ಅವ್ನೆ.’

‘ಸಾರ್, ಒಂದ್ಸಲ ಮಾಡಿ ತೋರ್ಸಿ’ ಎಂದ ನಿಂಗರಾಜು. ದನಿಯಲ್ಲಿ ಆಸೆ ಎಷ್ಟು ಬೆತ್ತಲೆಯಾಗಿತ್ತೆಂದರೆ ಶಾಂತರಾಜುವಿಗೆ ಸಾಹೇಬರುಗಳ ನೆನಪು ಬಂದರೂ ತಡೆದುಕೊಂಡ. ನಾಲಿಗೆ ಎತ್ತಿದ. ಲೊಚ್. ಕತ್ತು ತಿರುಗಿಸಿ ಮತ್ತೊಮ್ಮೆ. ‘ಇಲ್ಲಿ ಕಬ್ಬಿಣದ ಬೀರು. ಇಲ್ಲಿ ಗೋಡೆ. ಇಲ್ಲಿ ಒಳಬಾಗ್ಲು, ಆದ್ರೆ ಪೂರ್ತಿ ತೆರೆದಿಲ್ಲ, ಯಾರೋ ಅಡ್ಡ ನಿಂತವ್ರೆ.’

‘ಅಯ್ಯೋ, ನಾನು ಕಣಪ್ಪ!’ ಎಂದು ಕುಮಾರಿ ಬಾಗಿಲಿನಿಂದ ನಕ್ಕಳು. ನಿಂಗರಾಜು ಚಪ್ಪಾಳೆ ತಟ್ಟಿದ. ‘ಥೇಟು ಹಲ್ಲೀದೇ ಸದ್ದು! ಇನ್ನೇನ್ ಬೇಕಜ್ಜಿ ನಿಂಗೆ?’

ಪುಟ್ಟಬಸಮ್ಮ ತಟ್ಟೆಯ ಕಾಳನ್ನು ಬೆರಳಲ್ಲಿ ಕೆದಕುವ ಸದ್ದು ಬಂತು. ಅವಳು ಕೋಪಗೊಂಡಿಲ್ಲ, ಯೋಚಿಸುತ್ತಿದ್ದಾಳೆ ಎಂಬುದು ಉಸಿರಿನಿಂದ ತಿಳಿಯುತ್ತಿತ್ತು. ಕೊನೆಗೆ ಹೇಳಿದಳು. ‘ಸರಿ. ನೀನೇ ಅಂತ ಇಟ್ಕಳನ. ಹಲ್ಲಿ ಬಾಯಿಂದ ನುಡುಸೋ ದೇವ್ರು ನಿನ್ ಬಾಯಿಂದ ನುಡುಸ್ಬಾರ್ದಾ? ನಾನೇನಂದೆ ಅಂತ ಹಲ್ಲಿಗೇನಾರಾ ಗೊತ್ತಿರ್ತದಾ? ಅದ್ಕೆ ಹುಳ ಹಿಡ್ಯೋ ಪಾಡು, ನಿಂಗೆ ಒಂದಕ್ ಹೋಗೋ ಪಾಡು. ನುಡ್ಯೋರು ಯಾರೋ, ನುಡುಸೋರು ಯಾರೋ.’

‘ಅದೆಂಗಜ್ಜಿ ಆಯ್ತದೆ—’

‘ತಡಿ. ನಾ ಕಲ್ಲಲ್ಲ ಕಣ್ಲಾ. ಒಂದೇ ಒಂದ್ ಮಾತು ಕೇಳ್ತೀನಿ ಕಣಪ್ಪ, ನಿನ್ ಮನೆದೇವ್ರ ನೆನ್ಕಂಡು ಹೇಳು. ಈ ಹೆಣ್ಣು ನಮ್ಗೆ ಹೊಂದಲ್ಲ ಅಂತ ನಾ ಅಂದ್ನಲ್ಲ, ಅದು ನಿನ್ ಕಿವಿಗ್ ಬಿದ್ದಾಗ ನಿನ್ ಮನ್ಸು ಏನಂತು? ಹೂಂ ಅಂತಾ, ಊಹೂಂ ಅಂತಾ? ಊಹೂಂ ಅಂದಿದ್ರೆ ನಿನ್ ಬಾಯಲ್ಲಿ ಬಂದದ್ದು ಬರೀ ಸದ್ದು. ನಾನು ಇವತ್ತೇ ಮಾತು ಹಿಂದಕ್ಕೆ ತಕತೀನಿ.’

ಇಷ್ಟು ಸುಲಭ ಎಂದು ಅವನು ಎಣಿಸಿರಲಿಲ್ಲ. ಒಂದು ಊಹೂಂ. ಅದಕ್ಕೆ ನಾಲಿಗೆಯೂ ಬೇಡ, ಮೂಗು ಸಾಕು. ನಿಂಗರಾಜುವಿನ ಕಾಲಿನಿಂದ ನೆಲಕ್ಕೆ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಭಾನುವಾರದ ಬೆಳಿಗ್ಗೆಗಳಲ್ಲಿ ಭವ್ಯ ಕುದೇರಿನಿಂದ ಮೊದಲ ಬಸ್ಸಿಗೆ ಅವನ ಬಾಡಿಗೆ ಕೋಣೆಗೆ ಬರುತ್ತಾಳೆ; ಇವತ್ತು ಮಾತ್ರ ಬರಬೇಡ ಎಂದು ಅವನೇ ಹೇಳಿದ್ದ. ಪೇಪರು ಓದಿ ಹೇಳುತ್ತಾಳೆ. ಓದುವಾಗ ರಾಜಕೀಯ ಹಾರಿಸಿ ಅಪಘಾತದ ಸುದ್ದಿಗಳನ್ನು ಮಾತ್ರ ಓದುತ್ತಾಳೆ, ಅವನಿಗೆ ಅದು ಗೊತ್ತು, ಬೇಡ ಎನ್ನುವುದಿಲ್ಲ. ಕಾಲಿನ ಉಗುರು ಕತ್ತರಿಸುತ್ತಾಳೆ. ‘ಏನ್ ಮಾವ ಇದು, ಗಿಡುಗನ್ ಥರ ಬೆಳುಸ್ಕಂಡಿದ್ದೀಯ’ ಎನ್ನುತ್ತಾಳೆ. ಅವಳ ದನಿ ಅವನ ಹತ್ತಿರ ಬಂದಾಗ ಮೆತ್ತಗಾಗುವುದಿಲ್ಲ. ಲೋಕದಲ್ಲಿ ಹಾಗಿರುವುದು ಅದೊಂದೇ ದನಿ. ಪುಟ್ಟಬಸಮ್ಮ ಹೊಂದಲ್ಲ ಎಂದಾಗ ಅವನ ಎದೆಯಲ್ಲಿ ಏನೋ ಸಡಿಲವಾಗಿತ್ತು, ಬಿಗಿಯಾಗಿ ಕಟ್ಟಿದ್ದ ಚಪ್ಪಲಿ ಬಿಚ್ಚಿದಂತೆ. ಸದ್ದು ಬಂದದ್ದು ಅದಾದ ಮೇಲೆಯೋ, ಅದಕ್ಕೆ ಮುಂಚೆಯೋ? ಬಾಗಿಲು ಹುಡುಕಲು ಎತ್ತಿದ ನಾಲಿಗೆ ಬಾಗಿಲಿಗಾಗಿಯೇ ಬಿತ್ತೋ? ಮೂರು ವಾರದಿಂದ ಅವನು ಆ ಒಂದು ಗಳಿಗೆಯನ್ನು ಅಲ್ಲಿಂದ ಇಲ್ಲಿಂದ ತಟ್ಟಿ ನೋಡಿದ್ದ, ಅದು ಏನನ್ನೂ ಹಿಂದಿರುಗಿಸಿರಲಿಲ್ಲ. ಅಂದು ಆ ಕೋಣೆಯಲ್ಲಿ ಲೊಚ್ಚೆಂದ ಮೇಲೂ ಬಾಗಿಲು ಎಲ್ಲಿತ್ತೆಂಬುದು ಮಾತ್ರ ಅವನಿಗೆ ಕೊನೆಗೂ ತಿಳಿದಿರಲಿಲ್ಲ. ಅಂದರೆ ಅವನು ಕೇಳಿಸಿಕೊಂಡದ್ದು ಬಾಗಿಲನ್ನಲ್ಲ. ಊಹೂಂ ಎನ್ನಲು ಉಸಿರು ತೆಗೆದುಕೊಂಡ. ಉಸಿರು ಹಾಗೆಯೇ ಹೊರಗೆ ಹೋಯಿತು.

‘ಅಷ್ಟೇಯ’ ಎಂದಳು ಪುಟ್ಟಬಸಮ್ಮ. ಬೈಯಲಿಲ್ಲ. ತಟ್ಟೆಗೆ ಮತ್ತೆ ಕಾಳು ಬೀಳತೊಡಗಿದವು.

ನಿಂಗರಾಜು ಬಾಗಿಲಿನವರೆಗೆ ಬಂದ. ಕೈ ಹಿಡಿಯಲಿಲ್ಲ. ‘ಊಹೂಂ ಅಂತ ಒಂದ್ ಮಾತು ಸಾರ್. ಸುಳ್ಳೇ ಆಗಿದ್ರೂ ಯಾರು ನಿಮ್ನ ಜೈಲಿಗ್ ಹಾಕ್ತಿದ್ರು?’ ಎಂದ. ಶಾಂತರಾಜು ಕೋಲು ಮುಂದಿಟ್ಟ. ಸ್ವಲ್ಪ ದೂರ ಹೋಗುವ ಹೊತ್ತಿಗೆ ಹಿಂದೆ ಪೈಪಿನ ನೀರು ತಗಡಿಗೆ ಬಡಿಯುವ ಸದ್ದು ಶುರುವಾಗಿ, ಕೂಡಲೇ ನಿಂತಿತು. ನಿಂಗರಾಜು ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದ. ಯಾರೊಂದಿಗೆಂದು ತಿಳಿಯಲು ಕಣ್ಣು ಬೇಕಿರಲಿಲ್ಲ. ಶಾಂತರಾಜುವಿನ ಜೇಬು ಅದುರಿದ್ದು ಕಾಂಪೌಂಡು ಗೋಡೆಯ ಪಕ್ಕದಲ್ಲಿ.

‘ಮಾವ, ಅದು ಹಲ್ಲಿ ಅಲ್ವಂತೆ’ ಎಂದಳು ಭವ್ಯ.

‘ಅಲ್ಲ ಕಣಮ್ಮಿ.’

ಆ ಕಡೆ ಪಾತ್ರೆ ಉಜ್ಜುವ ಸದ್ದು. ಮೂಗಮ್ಮ ಇರಬೇಕು. ‘ಅದ್ಕೆ ನಂಗೇನೂ ಬೇಜಾರಿಲ್ಲ ಬುಡು. ನೀ ಲೊಚಗುಟ್ಟದೆ ಇರಕಾಯ್ತದಾ? ಆದ್ರೆ ಅಜ್ಜಿ ಕೇಳ್ದಾಗ ಸುಮ್ನೆ ನಿಂತ್ಕಬುಟ್ಟಂತಲ್ಲ.’

ಅವನು ಮತ್ತೆ ಸುಮ್ಮನೆ ನಿಂತಿದ್ದ.

‘ಮುಂದಿನ್ ಭಾನ್ವಾರ ಫ್ಯಾಕ್ಟ್ರೀಲಿ ಓಟಿ ಅದೆ ಮಾವ, ಬರಕಾಗಲ್ಲ’ ಎಂದಳು. ಸ್ವಲ್ಪ ತಡೆದು, ‘ಅದ್ರ್ ಮುಂದಿನ್ ಭಾನ್ವಾರಾನೂ’ ಎಂದಳು. ಅವಳ ದನಿ ಮೆತ್ತಗಿತ್ತು. ರೋಗಿಯ ಮಂಚದ ಪಕ್ಕ ನಿಂತವರ ದನಿ.

ಫೋನು ಜೇಬಿಗಿಟ್ಟು ಅವನು ನಡೆದ. ನಾಲಿಗೆ ಅಂಗುಳಕ್ಕೆ ಏಳಲಿಲ್ಲ. ಎತ್ತಬಹುದಾಗಿತ್ತು, ಯಾರೂ ತಡೆದಿರಲಿಲ್ಲ. ಎತ್ತಿದರೆ ಅದು ಯಾವುದಕ್ಕೆ ಹೂಂ ಎನ್ನುತ್ತದೋ ಎಂದು ಅವನಿಗೆ ಈಗ ಹೆದರಿಕೆ. ಕೋಲು ಕಾಲಿನ ಮುಂದಿನ ನೆಲವನ್ನು ಹೇಳುತ್ತಿತ್ತು, ನೆಲ ಇತ್ತು. ಎಲ್ಲೋ ಒಂದು ಕಡೆ ಭುಜಕ್ಕೆ ಏನೋ ಬಡಿಯಿತು, ಕಂಬವೋ ಮನುಷ್ಯನೋ. ಕ್ಷಮಿಸಿ ಎಂದ, ಉತ್ತರ ಬರಲಿಲ್ಲವಾದ್ದರಿಂದ ಕಂಬವೇ ಇರಬೇಕು. ‘ಎಲ್ಲಿಗ್ ಹೋಗ್ಬೇಕು ಯಜಮಾನ್ರೇ?’ ಎಂದು ಯಾರೋ ರಟ್ಟೆ ಹಿಡಿದರು. ಹೇಳಿದ. ಹಿಡಿದವರು ನಡೆಸಿಕೊಂಡು ಹೋದರು, ಅವನು ಹೋದ. ಬರುವಾಗ ಆ ದಾರಿಯಲ್ಲಿ ಇದ್ದು, ಹೋಗುವಾಗ ಇಲ್ಲದೆ ಹೋದವು: ಕಾಂಪೌಂಡು ಗೋಡೆ ಒಂದು, ಹುಣಸೆ ಮರ ಒಂದು, ಲೈಟು ಕಂಬ ಎರಡು, ಶಟರ್ ಎಳೆದ ಅಂಗಡಿ ಎರಡು, ಬಸ್ ನಿಲ್ದಾಣದ ಚಾವಣಿ ಒಂದು. ಒಟ್ಟು ಏಳು. ಭವ್ಯಳನ್ನು ಸೇರಿಸಿದರೆ ಎಂಟು.